ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ?

"ಅಲ್ಲಯ್ಯಾ ಸೀನ, ಇದನ್ನ ಮುಚ್ಚಿದ ಮೇಲೆ ಒಳಗಡೆ ಇರೋದು ಯಾರಿಗೆ ಕಾಣುತ್ತೆ?"

ಸುಬ್ಬಣ್ಣ ಮೆಲ್ಲಗೇ ಕೇಳಿದರು. ಅಂದರೆ ಪಕ್ಕದ ಬೀದಿಯ ಎಳನೀರಿನವನು ಮಾತ್ರ ತಿರುಗಿ ನೋಡಿದ.

ಊಟದ ಮೇಜಿನ ಮೇಲೆ ಎರಡನೇ ಮಹಾಯುದ್ಧದ ಲಿಬರೇಟರ್ ಬಾಂಬರಿನ ಮಾದರಿ ಸೀಳಿದ ಹಲಸಿನಹಣ್ಣಿನ ಹಾಗೆ ಎರಡು ಹೋಳಾಗಿ ಬಿದ್ದಿತ್ತು. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 110 ಅಡಿ. ಸೀನನದು ಅದರ 32ರಲ್ಲಿ ಒಂದು ಪಾಲು. ಹಾಗಿದ್ದೂ ಹತ್ತಿರ ಹತ್ತಿರ ಮೂರೂವರೆ ಅಡಿ. ಮೂರು ವರ್ಷದಿಂದ ಆ ಮನೆಯವರು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದಾರೆ.

ಡಬ್ಬಿಯಲ್ಲಿ ಬಂದ ಬಿಡಿಭಾಗ ಜೋಡಿಸಿ ಬಣ್ಣ ಬಳಿದಿದ್ದರೆ ಎರಡು ತಿಂಗಳ ಕೆಲಸ. ಆದರೆ ಒಳಗಿನದು ಸೀನನಿಗೆ ಹಿಡಿಸಲಿಲ್ಲ. ಎಲ್ಲ ಕೆರೆದು ಬಿಸಾಡಿ ಕೈಯಾರೆ ಮಾಡಲು ಕೂತ. ಸತ್ತ ಚಾರ್ಜರಿನ ತಂತಿಯಿಂದ ವೈರಿಂಗ್. ಇಂಜೆಕ್ಷನ್ ಸೂಜಿ ಕತ್ತರಿಸಿ ಮೆಷಿನ್ ಗನ್ನಿನ ನಳಿಗೆ. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಮೆತ್ತಗಾದಾಗ ಎಳೆದರೆ ಕೂದಲಿನಂಥ ಎಳೆ ಬರುತ್ತದೆ, ಅದು ಎಣ್ಣೆ ಪೈಪು. ಬಿಪಿ ಮಾತ್ರೆಯ ಹಾಳೆ ಕತ್ತರಿಸಿ ಸೀಟ್ ಬೆಲ್ಟು.

"ನಿನಗೆ ಬಿಪಿ ಯಾವಾಗ ಬಂತೋ?" ಎಂದ ನಾಣಿ.

"ಅವರಿಗಲ್ಲ, ನನಗೆ. ಇವರು ವಿಮಾನ ಮಾಡೋದು ನೋಡಿ ನೋಡಿ ಬಂತು," ಅಂದಳು ಪದ್ದು, ಕಾಫಿ ಲೋಟ ಇಡಲು ಜಾಗ ಹುಡುಕುತ್ತಾ.

ಸೀನ ಇಕ್ಕಳದಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಎತ್ತಿ ತೋರಿಸಿದ. ಬೆಂಕಿಪೊಟ್ಟಣದ ಕಾಲು ಭಾಗದಷ್ಟೂ ಇಲ್ಲ. "ಇದರಲ್ಲಿ 120 ಗುಂಡು ಇವೆ ಸುಬ್ಬಣ್ಣ. ಒಂದೊಂದೂ ನಾಲ್ಕು ಮಿಲಿಮೀಟರ್. ತಾಮ್ರದ ತಂತಿ ತುಂಡು ಮಾಡಿ, ತುದಿ ಉಜ್ಜಿ, ಸಾಲಾಗಿ ಅಂಟಿಸಿದ್ದು."

"ಎಲ್ಲಿ, ನೋಡೋಣ."

"ಮುಚ್ಚಳ ಅಂಟಿಸಿಬಿಟ್ಟೆನಲ್ಲ."

ಸುಬ್ಬಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರೆ ಡಬ್ಬಿಯೊಳಗೆ ಗುಂಡು. ವಿಮಾನದೊಳಗೆ ಡಬ್ಬಿ. ನಾಳೆ ಅಟ್ಟದ ಮೇಲೆ ವಿಮಾನ, ಧೂಳು ಕೂರದಿರಲಿ ಅಂತ ಅದರ ಮೇಲೆ ಹಳೇ ಪಂಚೆ. ನಮ್ಮಜ್ಜಿ ಚಿನ್ನದ ಸರವನ್ನೂ ಇಷ್ಟು ಭದ್ರವಾಗಿ ಬಚ್ಚಿಟ್ಟಿರಲಿಲ್ಲ ಕಣೋ."

"ಇರೋದು ನನಗೆ ಗೊತ್ತಲ್ವಾ?"

"ಇಲ್ಲದಿದ್ರೂ ಇದೆ ಅಂತ ಹೇಳು, ನಾವು ನಂಬ್ತೀವಿ. ಮೂರು ವರ್ಷ ಉಳಿಯುತ್ತೆ."

ನಾಣಿ ಸೀನನ ಪರ ವಹಿಸಿದ. ಅವನು ಯಾವಾಗಲೂ ಸೋಲುವ ಕಡೆಯೇ ನಿಲ್ಲುವುದು. "ಒಬ್ಬಟ್ಟಿನ ಹೂರಣ ಹೊರಗೆ ಕಾಣಲ್ಲ ಅಂತ ಹಾಕದೇ ಬಿಡ್ತೀರಾ ಸುಬ್ಬಣ್ಣ?"

"ಹೂರಣ ಕಣ್ಣಿಗೆ ಕಾಣದಿದ್ರೂ ನಾಲಿಗೆಗೆ ಸಿಗುತ್ತೆ. ಇವನೇನು ಕೊನೆಗೆ ವಿಮಾನ ನೆಕ್ತಾನಾ?"

ಮಾತು ಒಬ್ಬಟ್ಟಿಗೆ ಹೋಯಿತು. ಕಡಲೆಬೇಳೆಯೋ ತೊಗರಿಬೇಳೆಯೋ ಎಂದು ಹತ್ತು ನಿಮಿಷ. ಅದು ಹೇಗೋ ಬಣ್ಣಕ್ಕೆ ಬಂತು. ಪೈಲಟ್ ಕೂರುವ ಜಾಗವೆಲ್ಲ ಹಸಿರು, ಸರಿ. ಹಿಂದಿನ ಭಾಗ? ಸೀನ ಅದಕ್ಕೂ ಹಸಿರು ಹೊಡೆದಿದ್ದ. ಆಮೇಲೆ ಹಳೇ ಫೋಟೋ ನೋಡಿದರೆ, ಬಹಳಷ್ಟು ಲಿಬರೇಟರುಗಳಲ್ಲಿ ಅಲ್ಲಿ ಬಣ್ಣವೇ ಇಲ್ಲ, ಬರೀ ಅಲ್ಯೂಮಿನಿಯಂ. ಎರಡು ತಿಂಗಳು ಕೂತು ಹಸಿರನ್ನೆಲ್ಲ ಕೆರೆದ.

"ಕತ್ತಲೆ ಕೋಣೆಗೆ ಸುಣ್ಣ ಬಳಿದರೇನು, ಗೇರೆಣ್ಣೆ ಬಳಿದರೇನು," ಅಂದರು ಸುಬ್ಬಣ್ಣ. ಎಳನೀರಿನವನು ಮತ್ತೆ ನೋಡಿದ.

ಪದ್ದುವಿಗೆ ಅವತ್ತು ಒಳ್ಳೆಯ ಸಭೆ ಸಿಕ್ಕಿತ್ತು. "ನೀವೇ ಹೇಳಿ ಸುಬ್ಬಣ್ಣ. ಬಟ್ಟೆ ಬೀರುವಿನೊಳಗೆ ಒಂದು ಹಲಗೆ ಹೊಡೆದುಕೊಡಿ ಅಂತ ಇವರನ್ನ ಕೇಳಿ ಆರು ತಿಂಗಳಾಯ್ತು. ಏನಂದ್ರು ಗೊತ್ತಾ? ಬಾಗಿಲು ಹಾಕಿದ ಮೇಲೆ ಒಳಗಡೆ ಇರೋದು ಯಾರಿಗೆ ಕಾಣುತ್ತೆ, ಅಂದ್ರು!"

ಎಲ್ಲರೂ ನಕ್ಕೆವು. ಸೀನ ಮಾತ್ರ ಕಿವಿ ಕೇಳಿಸದವನ ಹಾಗೆ ಬಾಂಬಿನ ಕೋಣೆಗೆ ಟಾರ್ಚ್ ಬಿಟ್ಟ. ನಡುವೆ ಒಂದು ಪಟ್ಟಿ, ಏಳು ಮಿಲಿಮೀಟರ್ ಅಗಲ. ಅಸಲಿಯಲ್ಲಿ ಸುಮಾರು ಒಂಬತ್ತು ಅಂಗುಲ. ಮುಂದಿನಿಂದ ಹಿಂದಕ್ಕೆ ಹೋಗಬೇಕಾದರೆ ಸೈನಿಕರು ಆ ಪಟ್ಟಿಯ ಮೇಲೇ ನಡೆಯಬೇಕು. ಕೆಳಗಿನ ಬಾಗಿಲು ಅಂಗಡಿ ಶಟರಿನ ಹಾಗೆ ಪಕ್ಕಕ್ಕೆ ಸರಿದು ಮೇಲೇರುವಂಥದ್ದು. ಹಗುರ. ಕಾಲು ಜಾರಿದರೆ ಆಳಿನ ಭಾರ ತಡೆಯುವುದಿಲ್ಲ.

"ನಮ್ಮಪ್ಪ ಅದರ ಮೇಲೆ ಕೂತು ಬುತ್ತಿ ತಿಂತಿದ್ರಂತೆ," ಅಂದರು ಸುಬ್ಬಣ್ಣ.

ಯಾರಿಗೂ ಅರ್ಥವಾಗಲಿಲ್ಲ. ನಾಣಿಗೆ ಮಾತ್ರ ತಟ್ಟನೆ ಹೊಳೆಯಿತು. "ಹೌದಲ್ವಾ, ನಿಮ್ಮಪ್ಪ ಎಚ್‌ಎಎಲ್‌ನಲ್ಲಿದ್ರು!"

ಕಥೆ ನಾಣಿಗೇ ಚೆನ್ನಾಗಿ ಗೊತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರುಗಳ ರಾಶಿ ಬಿದ್ದಿತ್ತು. ಅಮೆರಿಕದವರು ಬ್ರಿಟಿಷರಿಗೆ ಕೊಟ್ಟದ್ದು. ವಾಪಸ್ ಕೊಡಬೇಕು, ಇಲ್ಲವೇ ಹಾಳುಮಾಡಬೇಕು ಅಂತ ಕರಾರು. ಹಾಳುಮಾಡಿದರು. ಲಾರಿ ತಂದು ಗುದ್ದಿದರು, ಎಂಜಿನ್ನಿಗೆ ಮರಳು ಸುರಿದರು ಅಂತ ಈಗಲೂ ಹೇಳುತ್ತಾರೆ. ಅದೇ ಗುಜರಿಯಲ್ಲಿ ಹುಡುಕಿ, ಹಾರುವಷ್ಟು ಮಾತ್ರ ರಿಪೇರಿ ಮಾಡಿ, ಜಿಮ್ಮಿ ಮುನ್ಶಿ ಎಂಬ ಟೆಸ್ಟ್ ಪೈಲಟ್ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ತಿ ರಿಪೇರಿ ಇಲ್ಲಿ ಆಯಿತು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾದದ್ದೇ ಈ ವಿಮಾನಗಳಿಂದ. 1968ರವರೆಗೂ ಹಾರಿದವು.

"ನಮ್ಮಪ್ಪ ಐದಡಿ ಎರಡಂಗುಲ," ಅಂದರು ಸುಬ್ಬಣ್ಣ. "ಸಣ್ಣಾಳು ಅಂತ ಬಾಲದ ಕಡೆ ಒಳಗೆ ಕಳಿಸ್ತಿದ್ರಂತೆ. ರಿವೆಟ್ ಅಂದ್ರೆ ತಗಡು ಜೋಡಿಸೋ ಮೊಳೆ, ಅದನ್ನ ಹೊಡೆಯೋಕೆ ಇಬ್ಬರು ಬೇಕು ಕಣ್ರಯ್ಯಾ. ಹೊರಗಿನವನು ಸುತ್ತಿಗೆ ಬಿಡ್ತಾನೆ. ಒಳಗಿನವನು ಕಬ್ಬಿಣದ ಗಟ್ಟಿ ಅದುಮಿ ಹಿಡ್ಕೊಂಡು ಕೂತಿರ್ತಾನೆ. ಡಬ್ಬದೊಳಗೆ ಕೂತ ಹಾಗೆ. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದ್ರೆ ಕೂಗಬೇಕು. ಮನೆಗೆ ಬಂದ್ರೂ ಅದೇ ಸ್ವರ. ಉಪ್ಪು ಕೇಳಿದ್ರೂ ಕೂಗೋದೇ. ನಾವು ಐದೂ ಮಕ್ಕಳು ಮಾತು ಕಲಿತದ್ದು ಅವರಿಂದ."

ಸುಬ್ಬಣ್ಣನ ಜತೆ ನನಗೆ ಮೂವತ್ತು ವರ್ಷದ ಒಡನಾಟ. ಅವರ ಗಂಟಲಿಗೆ ಒಂದು ಕಾರಣ ಇರಬಹುದು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ನಾನು ಎಂಟೋ ಒಂಬತ್ತೋ ವರ್ಷದವನು. ಒಂದು ಲಿಬರೇಟರ್ ನಿಂತಿತ್ತು, ಬೇಲಿ ಹೊರಗಿಂದ ತೋರಿಸಿದ್ರು. ಬಾಲದ ಹತ್ತಿರ ಒಂದು ಸಾಲು ನಂದು ಕಣೋ, ಅಂದ್ರು. ಎಲ್ಲಪ್ಪಾ, ಕಾಣಲ್ಲ, ಅಂದೆ. ಒಳಗಿಂದ ನೋಡಬೇಕು, ಅಂದ್ರು. ಒಳಗೆ ಬಿಡ್ತಾರಾ? ಬಿಡಲ್ಲ, ಅಂದ್ರು. ಬಸ್ಸಲ್ಲಿ ವಾಪಸ್ ಬರ್ತಾ ದಾರಿಯುದ್ದಕ್ಕೂ, ಸುಮ್ನೆ ಬುರುಡೆ ಬಿಡ್ತಾರೆ ಅಂದ್ಕೊಂಡೆ."

ಸೀನ ಏನೂ ಹೇಳದೆ ಎಡಗಡೆಯ ಹೋಳನ್ನು ತಿರುಗಿಸಿ, ಟಾರ್ಚ್ ಸಮೇತ ಅವರ ಮುಂದಿಟ್ಟ. ಸುಬ್ಬಣ್ಣ ಬಗ್ಗಿ ಬಾಲದ ಕಡೆ ನೋಡಿದರು. ಎರಡು ಪಕ್ಕೆಲುಬಿನ ನಡುವೆ ಸೂಜಿಮೊನೆಯಷ್ಟು ರಿವೆಟ್ಟುಗಳು, ಸಾಲಾಗಿ. ಬೆರಳು ಹತ್ತಿರ ತಂದರು, ಮುಟ್ಟಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರೇನೋ.

"ಯಾವತ್ತು ಅಂಟಿಸ್ತೀಯೋ ಇದನ್ನ?" ಅಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ನಾಣಿ, "ಏನಂದ್ರಿ?" ಅಂತ ಮತ್ತೆ ಕೇಳಬೇಕಾಯಿತು.

"ಇವತ್ತು ರಾತ್ರಿ ಅಂದ್ಕೊಂಡಿದ್ದೆ. ಇನ್ನೊಂದು ವಾರ ಹೀಗೇ ಇರಲಿ ಬಿಡಿ," ಅಂದ ಸೀನ.

"ಹಾಗಾದ್ರೆ ಆ ವಾರ ಕೈ ಖಾಲಿನೇ ಅಲ್ವಾ?" ಎಂದು ಪದ್ದು ಬೀರುವಿನ ಬಾಗಿಲು ತೆರೆದಳು.