ದೈವದ ಪಾತ್ರವಿರುವ ಆರ್‌ಪಿಜಿ ಪುಸ್ತಕಕ್ಕೆ ಆಕ್ಷೇಪ: ಸಣ್ಣ ಪ್ರಕಾಶಕರು ಮೊದಲು ಏನು ಮಾಡಬೇಕು?

ಪ್ರಶ್ನೆ

ನಮಸ್ಕಾರ. ನಾವು ಮೂವರು ಸೇರಿ ಬೆಂಗಳೂರಿನಿಂದ ಟೇಬಲ್‌ಟಾಪ್ ಆರ್‌ಪಿಜಿ ಪುಸ್ತಕಗಳನ್ನು, ಅಂದರೆ ಮೇಜಿನ ಸುತ್ತ ಕುಳಿತು ಪಾತ್ರಗಳಾಗಿ ಆಡುವ ಕಥೆಯಾಟಗಳ ಪುಸ್ತಕಗಳನ್ನು, ಪ್ರಕಟಿಸುತ್ತಿದ್ದೇವೆ. ಪಿಡಿಎಫ್ ಮಾರಾಟವೇ ನಮಗೆ ಮುಖ್ಯ. ಮುದ್ರಿತ ಪ್ರತಿಗಳನ್ನು ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ ಕಳುಹಿಸುತ್ತೇವೆ. ಮುಂದಿನ ಪುಸ್ತಕದ ಕಥೆ ನಡೆಯುವುದು ತುಳುನಾಡಿನಲ್ಲಿ. ಅದರ ಕೆಲವು ಮಾದರಿ ಪುಟಗಳನ್ನು ಬಿಡುಗಡೆ ಮಾಡಿದಾಗ, ಗುಳಿಗ ದೈವಕ್ಕೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದು ಎಂಬ ಅಂಕ) ಮತ್ತು ದಾಳಿಯ ಅಂಕಗಳನ್ನು ಕೊಟ್ಟಿರುವುದನ್ನು ಕಂಡು ಹಲವರು ನೊಂದುಕೊಂಡಿದ್ದಾರೆ. ಪುಸ್ತಕವನ್ನೇ ಹಿಂತೆಗೆದುಕೊಳ್ಳಿ ಎಂದು ಕೆಲವರು, ಒಂದಕ್ಷರವನ್ನೂ ಬದಲಿಸಬೇಡಿ ಎಂದು ಇನ್ನು ಕೆಲವರು ಒತ್ತಾಯಿಸುತ್ತಿದ್ದಾರೆ. ಚಿತ್ರ ಬರೆದ ಕಲಾವಿದೆಗೆ ನೇರವಾಗಿ ಬೈಗುಳದ ಸಂದೇಶಗಳು ಹೋಗುತ್ತಿವೆ. ಮುದ್ರಣಕ್ಕೆ ಇನ್ನೂ ಕೊಟ್ಟಿಲ್ಲ. ನಾವು ಯಾವುದರಿಂದ ಆರಂಭಿಸಬೇಕು?

ಉತ್ತರ 1

ಕಲಾವಿದೆಯಿಂದ ಆರಂಭಿಸಿ. ಚಿತ್ರವನ್ನು ಬರೆಸಿದವರು, ಒಪ್ಪಿದವರು, ಪ್ರಕಟಿಸಿದವರು ನೀವು; ಆದ್ದರಿಂದ ಹೊಣೆ ಪ್ರಕಾಶನದ್ದು, ಪ್ರಶ್ನೆಗಳನ್ನು ನಮಗೇ ಕೇಳಿ ಎಂದು ಇಂದೇ ನಿಮ್ಮ ಹೆಸರಿನಲ್ಲಿ ಬರೆಯಿರಿ. ಅವರಿಗೆ ಕೊಡಬೇಕಾದ ಸಂಭಾವನೆ ಬಾಕಿ ಇದ್ದರೆ ಅದನ್ನೂ ಈಗಲೇ ತೀರಿಸಿಬಿಡಿ.

ಆಮೇಲೆ ಪುಸ್ತಕದಲ್ಲಿ ಏನನ್ನು ಬದಲಿಸುತ್ತೀರಿ ಎಂಬುದನ್ನು ತೀರ್ಮಾನಿಸಿ. ವಿವರವಾದ ಹೇಳಿಕೆ ಅದರ ನಂತರವೇ ಬರಲಿ. 2018ರ ನವೆಂಬರಿನಲ್ಲಿ ವೈಟ್ ವುಲ್ಫ್ ಸಂಸ್ಥೆಯ ‘ವ್ಯಾಂಪೈರ್: ದ ಮಾಸ್ಕರೇಡ್’ ಎಂಬ ಇಂಥದೇ ಆಟದ ಐದನೆಯ ಆವೃತ್ತಿಯ ‘ಕ್ಯಾಮರಿಲ್ಲಾ’ ಪುಸ್ತಕ ದೊಡ್ಡ ವಿವಾದಕ್ಕೆ ಸಿಲುಕಿತು. ಚೆಚೆನ್ಯಾದಲ್ಲಿ ಸಲಿಂಗಕಾಮಿಗಳ ಮೇಲೆ ಆಗ ನಿಜವಾಗಿಯೂ ನಡೆಯುತ್ತಿದ್ದ ದೌರ್ಜನ್ಯವನ್ನು ಆ ಪುಸ್ತಕ ರಕ್ತಪಿಶಾಚಿಗಳ ಸಂಚಿನ ಮುಸುಕಾಗಿ ಬಳಸಿಕೊಂಡಿತ್ತು. ಮಾತೃಸಂಸ್ಥೆಯಾದ ಪ್ಯಾರಡಾಕ್ಸ್ ಮಧ್ಯೆ ಪ್ರವೇಶಿಸಿ, ಮಾರಾಟ ಮತ್ತು ಮುದ್ರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆ ಭಾಗವನ್ನು ತೆಗೆಯುವುದಾಗಿ ಹೇಳಿತಲ್ಲದೆ, ವೈಟ್ ವುಲ್ಫ್ ಇನ್ನು ಮುಂದೆ ಪ್ರತ್ಯೇಕ ಸಂಸ್ಥೆಯಾಗಿ ಕೆಲಸ ಮಾಡುವುದಿಲ್ಲವೆಂದೂ ಪ್ರಕಟಿಸಿತು. ಪುಸ್ತಕ ಪೂರ್ತಿ ಸಿದ್ಧವಾದ ಮೇಲೆ ಎದ್ದ ವಿವಾದದ ಬೆಲೆ ಅದು. ನಿಮ್ಮ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲವೆಂಬುದು ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ.

ಉತ್ತರ 2

ನಾನು ತುಳುನಾಡಿನವನು, ಈ ಆಟಗಳನ್ನು ಪ್ರೀತಿಯಿಂದ ಆಡುವವನು. ಆಕ್ಷೇಪ ಯಾವುದರ ಬಗ್ಗೆ ಎಂಬುದನ್ನು ಬಿಡಿಸಿ ನೋಡದೆ ಏನನ್ನೂ ತೀರ್ಮಾನಿಸಬೇಡಿ. ದೈವಗಳ ಕಥೆ ಹೇಳಬಾರದೆಂದು ಯಾರೂ ಅನ್ನುತ್ತಿಲ್ಲ. ತುಳುವಿನ ಹಾಡುಕಥೆಗಳಾದ ಪಾಡ್ದನಗಳಲ್ಲಿ ಅವುಗಳ ಹುಟ್ಟು, ಸಿಟ್ಟು, ಸಂಚಾರ ಎಲ್ಲವೂ ಇವೆ. ಹಿಟ್ ಪಾಯಿಂಟ್ ಕೊಟ್ಟ ಕೂಡಲೇ ಅದು ಹೊಡೆದು ಕೊಲ್ಲಬಹುದಾದ ಪ್ರಾಣಿಯಾಗುತ್ತದೆ, ನೋವಾಗುವುದು ಅಲ್ಲಿ. ಇಂದಿಗೂ ವರ್ಷವರ್ಷ ನೇಮ (ದೈವಾರಾಧನೆಯ ಉತ್ಸವ) ನಡೆಯುವ, ಊರಿನ ಜಗಳಗಳಿಗೆ ನ್ಯಾಯ ಹೇಳುವ ದೈವವದು.

1980ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನವರು ಹೊರತಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕದಲ್ಲಿ ಇಂದ್ರ, ಅಗ್ನಿ, ವಿಷ್ಣು ಇವರಿಗೆಲ್ಲ ಹಿಟ್ ಪಾಯಿಂಟ್ ಹಂಚಲಾಗಿತ್ತು. ದೂರದಲ್ಲಿ ಕುಳಿತು ಹಾಗೆ ಬರೆದವರ ಪದ್ಧತಿಯನ್ನು ನಮ್ಮ ನಾಡಿನ ಪ್ರಕಾಶಕರೂ ಯೋಚಿಸದೆ ಮುಂದುವರಿಸಬೇಕಾಗಿಲ್ಲ. ದೈವದ ಬದಲು ಹರಕೆ, ಅಭಯ, ಮುನಿಸು ಇವುಗಳಿಗೆ ನಿಯಮ ಬರೆಯಿರಿ. ಆಟಗಾರರು ಕೊಟ್ಟ ಮಾತನ್ನು ತಪ್ಪಿದರೆ ಊರಿಗೆ ಏನಾಗುತ್ತದೆ ಎಂಬುದನ್ನು ದಾಳ ನಿರ್ಧರಿಸಲಿ. ಆಟವಾಗಿಯೂ ಇದು ಹೆಚ್ಚು ಸೊಗಸೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಹೊಡೆದಾಟದಿಂದ ಬಗೆಹರಿಯದ ಶಕ್ತಿಯೊಂದು ಕಥೆಯಲ್ಲಿ ಇದ್ದಾಗ ಆಟಗಾರರು ಮಾತಿಗೆ ಇಳಿಯಲೇಬೇಕಾಗುತ್ತದೆ.

ಅಭಿಪ್ರಾಯ ಕೇಳುವುದಾದರೆ ಜಾಲತಾಣದಲ್ಲಿ ಗಟ್ಟಿಯಾಗಿ ಕೂಗುವವರಿಗಿಂತ ಮೊದಲು ದೈವದ ವೇಷ ಧರಿಸಿ ಕೋಲ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದ ಹಿರಿಯರನ್ನು ಕೇಳಿ. ಅವರ ಸಮಯಕ್ಕೆ ಗೌರವಧನ ಕೊಡಿ. ಅವರು ಒಪ್ಪಿದರೆ ಮಾತ್ರ ಅವರ ಹೆಸರನ್ನು ಅಚ್ಚು ಹಾಕಿ. ಅವರ ಒಪ್ಪಿಗೆಯನ್ನು ಟೀಕಾಕಾರರ ಮುಂದೆ ಗುರಾಣಿಯಂತೆ ಹಿಡಿಯುವುದು ಮಾತ್ರ ಬೇಡ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ತೀರ್ಮಾನವಾಗುವ ತನಕ ಮೌನವಾಗಿರುವುದು ಸರಿಯಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಈಗಿನ ಪ್ರಕಾಶಕ ಸಂಸ್ಥೆ ವಿಜರ್ಡ್ಸ್ ಆಫ್ ದ ಕೋಸ್ಟ್, ಇತರರು ತನ್ನ ಆಟದ ನಿಯಮಗಳನ್ನು ಬಳಸಲು ಅವಕಾಶ ಕೊಡುವ ಮುಕ್ತ ಪರವಾನಗಿಯನ್ನು ಬದಲಿಸಲು ಹೊರಟ ಸುದ್ದಿ 2023ರ ಜನವರಿ 5ರಂದು ಹೊರಬಿತ್ತು; ಅದರ ವಿವರವಾದ ಉತ್ತರ ಬಂದದ್ದು 13ರಂದು. ಅದಕ್ಕೆ ಹಿಂದಿನ ದಿನವೇ ಪೈಜೋ ಎಂಬ ಇನ್ನೊಂದು ಆರ್‌ಪಿಜಿ ಪ್ರಕಾಶನ ಸಂಸ್ಥೆ ತನ್ನದೇ ಮುಕ್ತ ಪರವಾನಗಿಯನ್ನು ಘೋಷಿಸಿಯಾಗಿತ್ತು. ಕೊನೆಗೆ 27ರಂದು ವಿಜರ್ಡ್ಸ್ ಹಳೆಯ ಪರವಾನಗಿಯನ್ನು ಹಾಗೆಯೇ ಉಳಿಸಿ, ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆಗೆ ಒಮ್ಮತಕ್ಕೆ ಬರಲು ದಿನಗಳು ಬೇಕಾಗಬಹುದು. ಮೂವರಿಗೆ ಒಂದು ಸಂಜೆ ಸಾಕು. “ಆಕ್ಷೇಪವನ್ನು ಓದಿದ್ದೇವೆ, ಆ ಪುಟಗಳನ್ನು ತೆಗೆದಿರಿಸಿದ್ದೇವೆ, ಇಂಥ ದಿನದೊಳಗೆ ನಮ್ಮ ನಿರ್ಧಾರವನ್ನು ತಿಳಿಸುತ್ತೇವೆ” ಎಂಬಷ್ಟನ್ನು ಕಲಾವಿದೆಯ ಕುರಿತ ಸೂಚನೆಯ ಜೊತೆಗೇ ಹಾಕಿ, ಹೇಳಿದ ದಿನವನ್ನು ಮೀರಬೇಡಿ. ಒಂದೊಂದು ಟೀಕೆಗೂ ಬೇರೆಬೇರೆ ಉತ್ತರ ಬರೆಯುತ್ತ ಕುಳಿತರೆ ಮೂವರ ಮಾತು ಮೂರು ದಾರಿ ಹಿಡಿಯುತ್ತದೆ. ಆದ್ದರಿಂದ ಒಬ್ಬರೇ ಬರೆಯಲಿ.

ಕಾನೂನಿನ ವಿಷಯವನ್ನೂ ತಿಳಿದಿರಿ. ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮು, ಅಂದರೆ ಹಿಂದಿನ ದಂಡಸಂಹಿತೆಯ 295ಎ, ಧಾರ್ಮಿಕ ಭಾವನೆಗಳನ್ನು ಕೆರಳಿಸುವ ಉದ್ದೇಶಪೂರ್ವಕ ಮತ್ತು ದುರುದ್ದೇಶದ ಕೃತ್ಯಕ್ಕೆ ಮೂರು ವರ್ಷಗಳವರೆಗಿನ ಶಿಕ್ಷೆಯನ್ನು ವಿಧಿಸುತ್ತದೆ. ನಿಮ್ಮಲ್ಲಿ ಅಂಥ ಉದ್ದೇಶವಿಲ್ಲವೆಂಬುದು ಸ್ಪಷ್ಟವಾಗಿದ್ದರೂ ದೂರು ದಾಖಲಾದರೆ ಓಡಾಟ ತಪ್ಪುವುದಿಲ್ಲವಾದ್ದರಿಂದ, ಹೇಳಿಕೆಯನ್ನು ಹಾಕುವ ಮುನ್ನ ವಕೀಲರೊಬ್ಬರಿಗೆ ತೋರಿಸಿ. ಕಲಾವಿದೆಗೆ ಬಂದ ಬೆದರಿಕೆಗಳ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ಅಗತ್ಯಬಿದ್ದರೆ ಸೈಬರ್ ಠಾಣೆಗೆ ಅವರೊಡನೆ ನೀವೂ ಹೋಗಿ.

ಮುಂಗಡ ಕೊಟ್ಟವರಿಗೆ ಬದಲಾವಣೆ ಏನೆಂದು ಪತ್ರ ಬರೆದು, ಬೇಡವೆನ್ನುವವರಿಗೆ ಕಾರಣ ಕೇಳದೆ ಹಣ ಹಿಂದಿರುಗಿಸಿ. ಅಷ್ಟು ಮೊತ್ತವನ್ನು ಮುದ್ರಕರಿಗೆ ಕೊಡುವ ಮೊದಲೇ ಬೇರೆಯಾಗಿ ತೆಗೆದಿಡಿ.