ಹಳೆಯ ಕ್ಯಾಸೆಟ್ ಸರಿಮಾಡುವವರು ಶಿವಮೊಗ್ಗ ಕಡೆ ಯಾರಿದ್ದಾರೆ?

ನಮಸ್ಕಾರ, ಒಂದು ಸಹಾಯ ಬೇಕು. ಹಳೆಯ ಆಡಿಯೋ ಕ್ಯಾಸೆಟ್ ಸರಿಮಾಡಿ, ಅದರಲ್ಲಿರುವುದನ್ನು ಕಂಪ್ಯೂಟರ್‌ಗೆ ಹಾಕಿಕೊಡುವವರು ಶಿವಮೊಗ್ಗ, ಸಾಗರದ ಕಡೆ ಯಾರಾದರೂ ಇದ್ದಾರಾ?

ಮೊನ್ನೆ ಬಸ್ಸಿನಲ್ಲಿ ನಿಸಾರ್ ಅಹಮದ್ ಅವರ ‘ಜೋಗದ ಸಿರಿ ಬೆಳಕಿನಲ್ಲಿ’ ಹಾಕಿದ್ದರು. ಕೇಳಿದ್ದೇ ತಡ, ಅಜ್ಜನ ಮನೆಯ ಜಗಲಿ ಕಣ್ಮುಂದೆ ಬಂತು. ಆ ಹಾಡಿರುವ, 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ಟೇಪ್ ಸವೆಯುವಷ್ಟು ಕೇಳಿದ ಮನೆ ಅದು. ಆ ಹಾಡನ್ನು ಅಮ್ಮ ಹಾಡಿದ್ದನ್ನು ಮಾವ ಒಂದು ಸಿ-60 ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿದ್ದರು. ಅದರ ಮೇಲೆ ಯಾರೂ ಬೇರೆ ಏನೂ ತುಂಬಿಸಬಾರದು ಅಂತ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನೂ ಮುರಿದಿದ್ದರು. ನಾವು ಮಕ್ಕಳು ಮಧ್ಯೆ ನಕ್ಕಿದ್ದೂ ಅದರಲ್ಲಿದೆ. ಅಮ್ಮ ಈಗಿಲ್ಲ. ಅವಳ ದನಿ ಉಳಿದಿರುವುದು ಅದೊಂದರಲ್ಲೇ.

ಕ್ಯಾಸೆಟ್ ಸಿಕ್ಕಿದೆ. ಆದರೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಬಂದಿದೆ, ನಮ್ಮ ಕಡೆಯ ಮಳೆಗಾಲದ ತೇವ ಗೊತ್ತಲ್ಲ. ಒಳಗಿನ ಸಣ್ಣ ಸ್ಪಂಜೂ ಬಿದ್ದುಹೋಗಿದೆ. ಹಾಗೇ ಹಾಕಿದರೆ ಬೂಷ್ಟು ಪ್ಲೇಯರಿನ ಹೆಡ್‌ಗೂ ಹತ್ತುತ್ತದೆ, ಟೇಪ್ ತುಂಡಾಗಲೂಬಹುದು. ಅದಕ್ಕೇ ಇನ್ನೂ ಹಾಕಿ ನೋಡಿಲ್ಲ.

ಕೊರಿಯರ್‌ನಲ್ಲಿ ಕಳಿಸಲು ಮನಸ್ಸಿಲ್ಲ, ನಾನೇ ತಂದುಕೊಡುತ್ತೇನೆ. ಬೆಂಗಳೂರಾದರೂ ಪರವಾಗಿಲ್ಲ. ಇಂಥ ಕೆಲಸ ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ. ಬೂಷ್ಟು ಹೇಗೆ ತೆಗೆದರು, ಖರ್ಚು ಎಷ್ಟಾಯಿತು ಅಂತಲೂ ಹೇಳಿದರೆ ತುಂಬಾ ಉಪಕಾರ.