ಅಡುಗೆಮನೆ ಸಾಮಾನಲ್ಲೇ ಮಗೂಗೆ ಪ್ರೋಸೆಸ್ ಆರ್ಟ್ ಮಾಡಿಸಿದವ್ರು ಇದೀರಾ? ನಮ್ಮನೇಲಿ ಎಲ್ಲಾ ಸಗಣಿ ಬಣ್ಣ ಆಗ್ತಿದೆ

ಪುಟ್ಟಿಯಮ್ಮ:
ಮಗಳಿಗೆ 4 ವರ್ಷ. ಸ್ಕೂಲಿಂದ ಬರೋದೆಲ್ಲಾ ಗೆರೆ ಒಳಗೆ ಬಣ್ಣ ತುಂಬೋ ಹಾಳೆಗಳೇ, ಮನೇಲಾದ್ರೂ ಬೇರೆ ಏನಾದ್ರೂ ಮಾಡ್ಸೋಣ ಅಂತ ಯೂಟ್ಯೂಬ್ ನೋಡ್ಕೊಂಡು ಪೇಪರ್ ಪ್ಲೇಟ್ ಸಿಂಹಕ್ಕೆ ಕೂತ್ರೆ ಹತ್ತು ನಿಮಿಷಕ್ಕೆ ಎದ್ದು ಹೋದ್ಲು, ಕೇಸರ ಪೂರ್ತಿ ಅಂಟಿಸಿದ್ದು ನಾನೇ. ಗೆಳತಿ ಒಬ್ಳು ಹೇಳಿದ್ಲು, ಕೊನೆಗೆ ಏನು ಬರತ್ತೆ ಅಂತ ನೋಡ್ಬೇಡ, ಸುಮ್ನೆ ಬಣ್ಣದ ಜೊತೆ ಆಡೋಕೆ ಬಿಡು, ಇದಕ್ಕೇ ಪ್ರೋಸೆಸ್ ಆರ್ಟ್ ಅನ್ನೋದು ಅಂತ. ಬಿಟ್ಟೆ. ಇದ್ದ 6 ಬಣ್ಣಾನೂ ಕಲಸಿ ಸಗಣಿ ಮಾಡಿಟ್ಳು 😩 ಬಾಡಿಗೆ ಮನೆ, ಗೋಡೆ ಬೇರೆ ಕಾಯ್ಬೇಕು. ದುಬಾರಿ ಪೇಂಟ್ ಬೇಡ, ಮನೇಲಿರೋದ್ರಲ್ಲೇ ಹೇಳಿ ಪ್ಲೀಸ್.

ನರ್ಸರಿ ಮಿಸ್:
ಎಲ್ಲಾ ಬಣ್ಣ ಒಟ್ಟಿಗೆ ಕೊಟ್ರೆ ಅದೇ ಆಗೋದು ಮೇಡಂ. ಒಂದ್ಸಲಕ್ಕೆ ಎರಡೇ ಕೊಡಿ, ಹಳದಿ ನೀಲಿ ಅಥವಾ ಹಳದಿ ಕೆಂಪು, ಎಷ್ಟು ಕಲಸಿದ್ರೂ ಕೆಡಲ್ಲ. ಪಲ್ಯಕ್ಕೆ ಹೆಚ್ಚುವಾಗ ಎಸೀತೀರಲ್ಲ ಬೆಂಡೆಕಾಯಿ ತೊಟ್ಟಿನ ಭಾಗ, ಅದನ್ನ ಎತ್ತಿಡಿ, ಲೋಳೆ ಒರೆಸಿ ಒತ್ತಿದ್ರೆ ಹೂವು ಮೂಡತ್ತೆ. ತಟ್ಟೆಗೆ ಬಣ್ಣ ಸುರೀಬೇಡಿ, ಒದ್ದೆ ಬಟ್ಟೆ ಮಡಚಿಟ್ಟು ಅದ್ರ ಮೇಲೆ ಹಾಕಿ, ಸ್ಟ್ಯಾಂಪ್ ಪ್ಯಾಡ್ ಥರ. ಇನ್ನೊಂದು, "ಇದೇನು ಪುಟ್ಟಾ" ಅಂತ ಕೇಳ್ಲೇಬೇಡಿ, ಕೇಳಿದ ತಕ್ಷಣ ಮಕ್ಕಳು ನಮಗೋಸ್ಕರ ಮನೆ, ಮರ, ಸೂರ್ಯ ಬರೆಯೋಕೆ ಶುರು ಮಾಡ್ತಾರೆ.

ಇಬ್ಬರು ಮಕ್ಕಳ ಅಪ್ಪ:
ನಮ್ಮನೇಲಿ ಹಿಟ್ ಆಗಿದ್ದು ಅರಿಶಿನ. ನೀರಲ್ಲಿ ಕದಡಿ ಬಿಳಿ ಹಾಳೆಗೆ ಬಳಿದು ಒಣಗಿಸಿ, ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಬೆರಳು ಅದ್ದಿ ಗೀಚೋಕೆ ಬಿಡಿ, ಗೀಚಿದ ಕಡೆಯೆಲ್ಲ ಕೆಂಪಗಾಗತ್ತೆ. ಅದ್ರ ಮೇಲೆ ನಿಂಬೆರಸ ಹನಿಸಿದ್ರೆ ಬುರುಬುರು ಅಂತ ನೊರೆ ಬಂದು ವಾಪಸ್ ಹಳದಿ! ನನ್ನ ಮಗ ಇದನ್ನೇ ಒಂದು ಗಂಟೆ ಮಾಡ್ತಾ ಕೂತಿದ್ದ, ನಾನು ಆರಾಮಾಗಿ ಕಾಫಿ ಕುಡಿದೆ. ಆರತಿ ನೀರು ಕೆಂಪಾಗೋದೂ ಇದೇ ಥರ, ಅಲ್ಲಿ ಸುಣ್ಣ ಹಾಕ್ತಾರೆ. ಆದ್ರೆ ಮಕ್ಕಳ ಕೈಗೆ ಸುಣ್ಣ ಬೇಡ, ಕಣ್ಣಿಗೆ ಬಿದ್ರೆ ಅಪಾಯ. ಬಟ್ಟೆ ಮೇಲೆ ಬಿದ್ದ ಅರಿಶಿನ ಸೋಪಿಗೆ ಕೆಂಪಗಾಗತ್ತೆ, ಗಾಬರಿಯಾಗ್ಬೇಡಿ, ಒಗೆದು ಒಳ್ಳೇ ಬಿಸಿಲಿಗೆ ಹಾಕಿದ್ರೆ ಕಲೆ ಮಾಸತ್ತೆ.

ಸಾಗರದವಳು:
ಗೋಡೆ ಚಿಂತೆ ಇದ್ರೆ ನೆಲಕ್ಕೆ ಇಳ್ಸಿ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ ತೆಳ್ಳಗೆ ಮಾಡಿ, ಬಾಲ್ಕನಿಲಿ ಬಿಟ್ಬಿಡಿ. ಬರೆಯುವಾಗ ಸರಿಯಾಗಿ ಕಾಣ್ಸಲ್ಲ, ಒಣಗ್ತಾ ಒಣಗ್ತಾ ಬೆಳ್ಳಗೆ ಎದ್ದು ಬರತ್ತೆ, ಮಕ್ಕಳಿಗೆ ಅದೇ ಮಜಾ. ಬ್ರಷ್ ಕೊಳ್ಬೇಡಿ. ನಮ್ ಕಡೆ ದೀವರ ಸಮುದಾಯದ ಮನೆಗಳಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯೋದು ಪುಂಡಿ ಗಿಡದ ನಾರಿನ ಕುಂಚದಲ್ಲಿ, ಅದೂ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳೀಲೇ. ನಿಮಗೆ ತೆಂಗಿನಕಾಯಿ ನಾರು ಒಂದು ಹಿಡಿ ದಾರದಲ್ಲಿ ಕಟ್ಟಿದ್ರೆ ಸಾಕು. ಬರೆದಿದ್ದು ಇರುವೆ ಪಾಲು, ಉಳಿದಿದ್ದು ನೀರು ಹಾಕಿದ್ರೆ ಹೋಯ್ತು.

ಪುಟ್ಟಿಯಮ್ಮ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಬೆಂಡೆಕಾಯಿ ಮಾಡಿದ್ವಿ. ಹೂವು ಮೂಡಿದ್ದು ಮೊದಲ ನಾಲ್ಕೇ, ಆಮೇಲೆ ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಹಾಳೆ ತೂತು ಮಾಡಿ, ಆ ತೂತಲ್ಲಿ ನನ್ನೇ ಇಣುಕಿ ನೋಡಿದ್ಲು. ನಾನು ಬಾಯಿ ಮುಚ್ಕೊಂಡಿದ್ದೆ, ಅತ್ತೆ ಮಾತ್ರ "ಇದೇನಮ್ಮಾ ಇದು" ಅಂತ ಕೇಳೇಬಿಟ್ರು. "ಪಲ್ಯ" ಅಂದ್ಲು 😄 ಅರಿಶಿನದ್ದು ಭಾನುವಾರ, ಇವ್ರು ಮನೇಲಿರುವಾಗ.